ಕೇಳಿ, ಹೇಳ್ತೀವಿ: ಅಮೆರಿಕದ ಸುಂಕದ ಕಾನೂನಿನಿಂದ ಯಾರ ಕೆಲಸ ಉಳಿಯುತ್ತೆ?

ಅಗ್ಗದ ಆಮದಿನ ಮೇಲೆ ಸುಂಕ ಹಾಕುವ ಅಮೆರಿಕದ ವ್ಯಾಪಾರ ಕಾನೂನು, ಅದನ್ನು ಬಿಗಿ ಮಾಡಿ ದೇಶದ ಕೆಲಸ ಉಳಿಸೋಕೆ ಅಲ್ಲಿ ಬಂದ ಒಂದು ಮಸೂದೆ, ಇವುಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆವು, ಅಷ್ಟೇ. ಅದಕ್ಕೆ ಬಂದ ಪತ್ರಗಳನ್ನು ನೋಡಿದರೆ ಈ ಸಲ ಬೇರೆ ವಿಷಯಕ್ಕೆ ಜಾಗವೇ ಇಲ್ಲ. ಉದ್ದದ ಪತ್ರಗಳನ್ನು ಕತ್ತರಿಸಿದ್ದೇವೆ. ನಮ್ಮನ್ನು ಬೈದಿರುವ ಭಾಗಗಳನ್ನು ಮಾತ್ರ ಹಾಗೇ ಬಿಟ್ಟಿದ್ದೇವೆ.

ಸಾರ್, ‘ದೇಶದ ಕೆಲಸ ಉಳಿಸುವ ಮಸೂದೆ’ ಅಂತ ಏನೋ ಬರೆದಿರಿ. ಟ್ರಂಪ್ ಸುಂಕ ಹಾಕಿದ್ದು ನಮಗೆಲ್ಲ ಗೊತ್ತು. ಅದಕ್ಕೂ ಇದಕ್ಕೂ ಏನು ವ್ಯತ್ಯಾಸ? ಸುಮ್ನೆ ಗೊಂದಲ ಮಾಡಬೇಡಿ. (ಮೈಸೂರು)

ಗೊಂದಲ ನಮ್ಮದಲ್ಲ ಸ್ವಾಮಿ, ಅಮೆರಿಕದ್ದು. ಅಲ್ಲಿ ಸುಂಕ ಹಾಕೋಕೆ ಒಂದಲ್ಲ, ಹಲವು ಬಾಗಿಲುಗಳಿವೆ. 2025ರ ಆಗಸ್ಟ್‌ನಲ್ಲಿ ನಮ್ಮ ಮಾಲಿನ ಮೇಲೆ ಬಿದ್ದ 50 ಪರ್ಸೆಂಟ್ ಅಧ್ಯಕ್ಷರ ಆದೇಶದಿಂದ ಬಂದದ್ದು. ಯಾವ ಕಂಪನಿ ಏನು ತಪ್ಪು ಮಾಡಿತು ಅಂತ ಅಲ್ಲಿ ಯಾರೂ ವಿಚಾರಿಸಲಿಲ್ಲ.

ನಾವು ಬರೆದದ್ದು ಇನ್ನೊಂದು ಬಾಗಿಲಿನ ವಿಷಯ. ಅದು 1930ರ ಟ್ಯಾರಿಫ್ ಆ್ಯಕ್ಟ್‌ನಲ್ಲಿದೆ. ಅಲ್ಲಿನ ಕಾರ್ಖಾನೆಯೋ ಕಾರ್ಮಿಕ ಸಂಘವೋ ದೂರು ಕೊಡಬೇಕು. ಯಾವುದೋ ಹೊರದೇಶದವರು ತಮ್ಮೂರಿನಲ್ಲಿ ಮಾರುವುದಕ್ಕಿಂತ ಕಡಿಮೆ ಬೆಲೆಗೆ ಇಲ್ಲಿ ತಂದು ಸುರಿಯುತ್ತಿದ್ದಾರೆ ಅನ್ನೋದು ಒಂದು ಬಗೆಯ ದೂರು, ಅದು ಡಂಪಿಂಗ್. ಅವರ ಸರ್ಕಾರ ಅವರಿಗೆ ದುಡ್ಡು ಕೊಟ್ಟು ಸಾಕುತ್ತಿದೆ ಅನ್ನೋದು ಇನ್ನೊಂದು, ಅದು ಸಬ್ಸಿಡಿ. ವಾಣಿಜ್ಯ ಇಲಾಖೆ ಲೆಕ್ಕ ಹಾಕುತ್ತದೆ. ಇಂಟರ್‌ನ್ಯಾಷನಲ್ ಟ್ರೇಡ್ ಕಮಿಷನ್ ಅನ್ನೋ ಬೇರೊಂದು ಸಂಸ್ಥೆ, ಇದರಿಂದ ನಿಜಕ್ಕೂ ಅಮೆರಿಕದ ಉದ್ಯಮಕ್ಕೆ ಪೆಟ್ಟು ಬಿದ್ದಿದೆಯಾ ಅಂತ ನೋಡುತ್ತದೆ. ಇಬ್ಬರೂ ಹೌದು ಅಂದರೆ ಮಾತ್ರ ಸುಂಕ.

ಈ ಕಾನೂನಿಗೆ ಹಲ್ಲು ಸಾಲದು ಅಂತ 2021ರ ಏಪ್ರಿಲ್‌ನಲ್ಲಿ ಒಂದು ಮಸೂದೆ ಬಂತು. ಹೆಸರು ಲೆವೆಲಿಂಗ್ ದಿ ಪ್ಲೇಯಿಂಗ್ ಫೀಲ್ಡ್ ಆ್ಯಕ್ಟ್ 2.0. ತಂದವರು ಶೆರಾಡ್ ಬ್ರೌನ್ ಮತ್ತು ರಾಬ್ ಪೋರ್ಟ್‌ಮನ್. ಇಬ್ಬರೂ ಒಹಾಯೊ ರಾಜ್ಯದ ಸೆನೆಟರ್‌ಗಳು, ಒಬ್ಬರು ಡೆಮಾಕ್ರಟ್, ಇನ್ನೊಬ್ಬರು ರಿಪಬ್ಲಿಕನ್. ಉಕ್ಕಿನ ಊರಿನವರು, ಹಾಗಾಗಿ ಈ ವಿಷಯದಲ್ಲಿ ಪಕ್ಷಭೇದ ಇಲ್ಲ. ಮುಖ್ಯವಾಗಿ ಎರಡು ಕೆಲಸಕ್ಕೆ ಈ ಮಸೂದೆ. ಸುಂಕ ಬಿದ್ದ ಕೂಡಲೇ ಕಾರ್ಖಾನೆ ಪಕ್ಕದ ದೇಶಕ್ಕೆ ಹಾರಿದರೆ ಅದರ ಬೆನ್ನು ಹತ್ತೋಕೆ ಬೇಗ ಮುಗಿಯುವ ಎರಡನೇ ವಿಚಾರಣೆ ಇರಬೇಕು. ಮತ್ತೆ ಚೀನಾ ಸರ್ಕಾರ ಇಂಡೋನೇಷ್ಯಾದಲ್ಲೋ ವಿಯೆಟ್ನಾಂನಲ್ಲೋ ಇರುವ ಕಾರ್ಖಾನೆಗೆ ದುಡ್ಡು ಹಾಕಿದರೆ ಅದನ್ನೂ ಸಬ್ಸಿಡಿ ಅಂತಲೇ ಲೆಕ್ಕ ಹಿಡಿಯಬೇಕು.

2022ರ ಫೆಬ್ರುವರಿಯಲ್ಲಿ ಕೆಳಮನೆ ಪಾಸು ಮಾಡಿದ ಅಮೆರಿಕ ಕಾಂಪೀಟ್ಸ್ ಆ್ಯಕ್ಟ್ ಎಂಬ ದೊಡ್ಡ ಮಸೂದೆಯೊಳಗೆ ಇದೂ ಸೇರಿತ್ತು. ಆಗಸ್ಟ್‌ನಲ್ಲಿ ಅದು ಸೆಮಿಕಂಡಕ್ಟರ್ ಚಿಪ್ ಉದ್ಯಮಕ್ಕೆ ನೆರವು ಕೊಡುವ ಚಿಪ್ಸ್ ಕಾನೂನಾಗಿ ಹೊರಬಂದಾಗ ಈ ಭಾಗವೇ ಇರಲಿಲ್ಲ. 2023ರಲ್ಲಿ ಬ್ರೌನ್ ಅವರು ಇಂಡಿಯಾನಾದ ಟಾಡ್ ಯಂಗ್ ಜೊತೆ ಸೇರಿ ಮತ್ತೆ ತಂದರು. ಆಗಲೂ ಆಗಲಿಲ್ಲ. ಆದರೆ ತಮಾಷೆ ನೋಡಿ, 2024ರ ವಸಂತದಲ್ಲಿ ವಾಣಿಜ್ಯ ಇಲಾಖೆ ತನ್ನ ನಿಯಮವನ್ನೇ ತಿದ್ದಿಕೊಂಡು ಗಡಿದಾಟಿದ ಸಬ್ಸಿಡಿಯನ್ನೂ ಲೆಕ್ಕಕ್ಕೆ ತಗೊಳ್ಳೋಕೆ ದಾರಿ ಮಾಡಿತು. ಸಂಸತ್ತಿನಲ್ಲಿ ಮಸೂದೆ ಕೊಳೆಯುತ್ತಿರುವಾಗಲೇ ಅರ್ಧ ಮಸೂದೆ ಕಚೇರಿಯಲ್ಲಿ ಜಾರಿಗೆ ಬಂತು.

ನಮಸ್ಕಾರ. ನಾನು ವರ್ಷಕ್ಕೆ ಆರು ತಿಂಗಳು ಕೊಲಂಬಸ್‌ನಲ್ಲಿ ಮಗನ ಮನೆಯಲ್ಲಿ ಇರುತ್ತೇನೆ. ಬ್ರೌನ್ ಅಂದರೆ ಇಲ್ಲಿ ಕೆಲಸಗಾರರಿಗೆ ಬಹಳ ಗೌರವ. 2019ರಲ್ಲಿ ವಾಷಿಂಗ್ ಮೆಷಿನ್, ಡ್ರೈಯರ್ ಜೋಡಿ ತಗೊಂಡಾಗ ಬೆಲೆ ಏರಿದೆ ಅಂತ ಮಗ ಗೊಣಗುತ್ತಿದ್ದ. ಅದಕ್ಕೂ ಈ ಸುಂಕಕ್ಕೂ ಸಂಬಂಧ ಇದೆಯಾ? (ಕೊಲಂಬಸ್, ಒಹಾಯೊ)

ಇದೆ ಅಮ್ಮ, ಚೆನ್ನಾಗೇ ಇದೆ. ಈ ಇಡೀ ಮಸೂದೆ ಏಕೆ ಬಂತು ಅನ್ನೋದಕ್ಕೂ, ಅದರಿಂದ ಎಷ್ಟು ಆಗುತ್ತದೆ ಎಷ್ಟು ಆಗಲ್ಲ ಅನ್ನೋದಕ್ಕೂ ನಿಮ್ಮ ಮಗನ ವಾಷಿಂಗ್ ಮೆಷಿನ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ.

ನೀವಿರುವ ರಾಜ್ಯದಲ್ಲೇ ಕ್ಲೈಡ್ ಅಂತ ಒಂದು ಸಣ್ಣ ಊರಿದೆ. ವರ್ಲ್‌ಪೂಲ್‌ನ ದೊಡ್ಡ ವಾಷಿಂಗ್ ಮೆಷಿನ್ ಕಾರ್ಖಾನೆ ಅಲ್ಲಿದೆ. 2011ರ ಕೊನೆಗೆ ಕಂಪನಿ ದೂರು ಕೊಟ್ಟಿತು. ಸ್ಯಾಮ್‌ಸಂಗ್, ಎಲ್‌ಜಿ ಕೊರಿಯಾ ಮತ್ತು ಮೆಕ್ಸಿಕೋದಿಂದ ಅಗ್ಗಕ್ಕೆ ತಂದು ಸುರಿಯುತ್ತಿವೆ ಅಂತ. ವಿಚಾರಣೆ ನಡೆಯಿತು, ವರ್ಲ್‌ಪೂಲ್ ಗೆದ್ದಿತು, 2013ರಲ್ಲಿ ಸುಂಕ ಬಿತ್ತು. ಅಷ್ಟು ಹೊತ್ತಿಗೆ ಆ ಕಂಪನಿಗಳು ಅಮೆರಿಕಕ್ಕೆ ಬೇಕಾದ ಮೆಷಿನ್‌ಗಳನ್ನು ಚೀನಾದಲ್ಲಿ ಮಾಡೋಕೆ ಶುರು ಮಾಡಿದ್ದವು. ಸರಿ, ಚೀನಾದ ಮೇಲೆ ಇನ್ನೊಂದು ದೂರು. ಮತ್ತೆ ವರ್ಷಗಟ್ಟಲೆ ಕಡತ, ವಕೀಲರು, ಲೆಕ್ಕ. 2017ರ ಆರಂಭದಲ್ಲಿ ಅಲ್ಲೂ ಗೆಲುವು. ಆ ಹೊತ್ತಿಗೆ ಕೆಲಸ ಥಾಯ್ಲೆಂಡ್ ಮತ್ತು ವಿಯೆಟ್ನಾಂಗೆ ಹೋಗಿ ಆಗಿತ್ತು. ಎರಡು ಸಲ ಗೆದ್ದು ಎರಡು ಸಲವೂ ಖಾಲಿ ಶೆಡ್ ಹಿಡಿದಂತಾಯಿತು. ಬ್ರೌನ್ ಅವರ ಮಸೂದೆಯಲ್ಲಿ ‘ಬೇಗದ ಎರಡನೇ ವಿಚಾರಣೆ’ ಬೇಕು ಅಂತ ಇರೋದು ಇಂಥದ್ದಕ್ಕೇ. ಇಲ್ಲಿಯವರೆಗೆ ಅವರ ವಾದ ನ್ಯಾಯವಾಗಿದೆ ಅಂತ ನನಗೂ ಅನ್ನಿಸುತ್ತದೆ.

ಮುಂದೆ ಆಗಿದ್ದು ಬೇರೆ. 2018ರ ಆರಂಭದಲ್ಲಿ ಸರ್ಕಾರ ದೇಶ ನೋಡುವುದನ್ನೇ ಬಿಟ್ಟು, ಬಹುತೇಕ ಎಲ್ಲಿಂದ ಬರುವ ವಾಷಿಂಗ್ ಮೆಷಿನ್‌ಗೂ ಸುಂಕ ಹಾಕಿತು. ಮೊದಲ ವರ್ಷ 12 ಲಕ್ಷ ಮೆಷಿನ್‌ಗಳವರೆಗೆ 20 ಪರ್ಸೆಂಟ್, ಅದರ ಮೇಲೆ ಬಂದದ್ದಕ್ಕೆ 50. ಈಗ ಓಡಿಹೋಗೋಕೆ ಜಾಗ ಇಲ್ಲ. ಸ್ಯಾಮ್‌ಸಂಗ್ ಸೌತ್ ಕೆರೊಲಿನಾದ ನ್ಯೂಬೆರಿಯಲ್ಲಿ, ಎಲ್‌ಜಿ ಟೆನೆಸ್ಸಿಯ ಕ್ಲಾರ್ಕ್ಸ್‌ವಿಲ್‌ನಲ್ಲಿ ಕಾರ್ಖಾನೆ ತೆರೆದವು. ಕೆಲಸ ಬಂತಲ್ಲ ಅಂತೀರಾ? ಬಂತು. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ನ ಆರನ್ ಫ್ಲಾಯೆನ್ ಮತ್ತು ಷಿಕಾಗೋ ವಿಶ್ವವಿದ್ಯಾಲಯದ ಇಬ್ಬರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದಾಗ ಸುಮಾರು 1,800 ಕೆಲಸ ಸಿಕ್ಕಿದವು. ಅದರಲ್ಲಿ ದೂರು ಕೊಟ್ಟ ವರ್ಲ್‌ಪೂಲ್‌ನದ್ದು ಬರೀ 200! ಉಳಿದದ್ದು ಯಾರ ಮೇಲೆ ದೂರು ಕೊಟ್ಟಿದ್ದರೋ ಅವರದೇ.

ಬೆಲೆಯ ಕಥೆ ಇನ್ನೂ ಸ್ವಾರಸ್ಯ. ವಾಷಿಂಗ್ ಮೆಷಿನ್ ಬೆಲೆ ಸುಮಾರು 12 ಪರ್ಸೆಂಟ್ ಏರಿತು. ಡ್ರೈಯರ್ ಮೇಲೆ ಸುಂಕವೇ ಇರಲಿಲ್ಲ, ಆದರೂ ಅದರ ಬೆಲೆ ಸುಮಾರು ಅಷ್ಟೇ ಏರಿತು! ಏಕೆಂದರೆ ಅಲ್ಲಿ ಜನ ಎರಡನ್ನೂ ಜೋಡಿಯಾಗಿಯೇ ಕೊಳ್ಳುತ್ತಾರೆ, ನಿಮ್ಮ ಮಗ ಕೊಂಡಂತೆಯೇ. ಅಂಗಡಿಯವರು ಏರಿಕೆಯನ್ನು ಎರಡರ ಮೇಲೂ ಹಂಚಿದರು. ಒಟ್ಟು ಲೆಕ್ಕ ತೆಗೆದರೆ ಒಂದೊಂದು ಕೆಲಸಕ್ಕೆ ಗ್ರಾಹಕರು ವರ್ಷಕ್ಕೆ 8 ಲಕ್ಷದ 15 ಸಾವಿರ ಡಾಲರ್ ಕೊಟ್ಟ ಹಾಗಾಯಿತು. ಆ ಕೆಲಸ ಮಾಡುವವನ ಸಂಬಳ ಅದರ ಹತ್ತಿರಕ್ಕೂ ಬರಲ್ಲ. ಈ ಸುಂಕ 2023ರ ಫೆಬ್ರುವರಿಗೆ ಮುಗಿಯಿತು. ಮಗ ಕೊಟ್ಟ ಹೆಚ್ಚಿನ ದುಡ್ಡಂತೂ ವಾಪಸ್ ಬರಲ್ಲ, ಗೊಣಗೋದು ಬಿಡೋಕೆ ಹೇಳಿ.

ಬ್ರೌನ್ ಅವರ ಬಗ್ಗೆ ಹೇಳಿದಿರಿ. 2024ರ ನವೆಂಬರ್ ಚುನಾವಣೆಯಲ್ಲಿ ಅವರು ಸೋತರು. ಪೋರ್ಟ್‌ಮನ್ ಅದಕ್ಕೂ ಮೊದಲೇ ನಿವೃತ್ತರಾಗಿದ್ದರು.

ನಾವು ನಾಲ್ಕು ಜೇನುಪೆಟ್ಟಿಗೆ ಇಟ್ಟುಕೊಂಡವರು. ಇಂಡಿಯಾದ ಜೇನಿಗೂ ಅಮೆರಿಕ ಡಂಪಿಂಗ್ ಸುಂಕ ಹಾಕಿದೆಯಂತೆ, ನಿಜವಾ? ಜೇನಿನಲ್ಲೂ ಕಳ್ಳಾಟ ಇದೆಯಾ? (ಶಿರಸಿ)

ನಿಜ. 2022ರಿಂದ ಇದೆ. ಭಾರತ, ವಿಯೆಟ್ನಾಂ, ಅರ್ಜೆಂಟೀನಾ, ಬ್ರೆಜಿಲ್ ನಾಲ್ಕೂ ದೇಶಗಳ ಮೇಲೆ. ಶುರುವಿನಲ್ಲಿ ನಮಗೆ ಹಾಕಿದ್ದು ಸುಮಾರು 6 ಪರ್ಸೆಂಟ್, ವಿಯೆಟ್ನಾಂಗೆ ಸುಮಾರು 60. ಅಲ್ಲಿಗೆ ಹೋಗುವುದು ಡ್ರಮ್‌ಗಟ್ಟಲೆ ಜೇನು. ನಿಮ್ಮ ನಾಲ್ಕು ಪೆಟ್ಟಿಗೆಗೆ ಏನೂ ಆಗಲ್ಲ, ಆರಾಮಾಗಿರಿ.

ಕಳ್ಳಾಟದ ವಿಷಯಕ್ಕೆ ಬಂದರೆ, ಈ ಜಾರಿ ಕಾನೂನುಗಳ ಒಳ್ಳೆಯ ಕಥೆ ಇರೋದೇ ಜೇನಿನಲ್ಲಿ. 2001ರಲ್ಲಿ ಅಮೆರಿಕ ಚೀನಾದ ಜೇನಿನ ಮೇಲೆ ಭಾರಿ ಸುಂಕ ಹಾಕಿತು. ಆಮೇಲೆ ನೋಡಿದರೆ, ಹೇಳಿಕೊಳ್ಳುವಂಥ ಜೇನು ಸಾಕಣೆಯೇ ಇಲ್ಲದ ದೇಶಗಳಿಂದ ಜೇನು ಹರಿದು ಬರತೊಡಗಿತು. ಚೀನಾದ ಡ್ರಮ್ ಮಲೇಷ್ಯಾಕ್ಕೋ ಇನ್ನೆಲ್ಲಿಗೋ ಹೋಗುತ್ತದೆ, ಚೀಟಿ ಬದಲಾಗುತ್ತದೆ, ಅಲ್ಲಿಂದ ಅಮೆರಿಕಕ್ಕೆ. ಜೇನಿನಲ್ಲಿರುವ ಪರಾಗ ನೋಡಿದರೆ ಯಾವ ಊರಿನ ಹೂವು ಅಂತ ಗೊತ್ತಾಗುತ್ತದೆ ಅಲ್ವಾ, ಅದಕ್ಕೇ ಪರಾಗವನ್ನೇ ಸೋಸಿ ತೆಗೆಯುತ್ತಿದ್ದರು. 2013ರಲ್ಲಿ ಅಮೆರಿಕದ ದೊಡ್ಡ ಜೇನು ಕಂಪನಿಗಳೇ ಈ ಕೇಸಿನಲ್ಲಿ ಸಿಕ್ಕಿಬಿದ್ದವು.

2010ರಲ್ಲಿ ಸೆನೆಟರ್ ರಾನ್ ವೈಡನ್ ಕಚೇರಿಯವರು ಒಂದು ಕೆಲಸ ಮಾಡಿದರು. ಒಂದು ಸುಳ್ಳು ಕಂಪನಿ ಹುಟ್ಟುಹಾಕಿ, ಚೀನಾದ ಮಾರಾಟಗಾರರಿಗೆ ಸಾಲಾಗಿ ಇಮೇಲ್ ಬರೆದರು. ನಿಮ್ಮ ಮಾಲು ಬೇಕು, ಆದರೆ ಸುಂಕ ಕಟ್ಟೋಕೆ ಇಷ್ಟ ಇಲ್ಲ, ಏನಾದರೂ ದಾರಿ ಇದೆಯಾ ಅಂತ. ಸುಮಾರು ಹತ್ತು ಮಂದಿ ಇದೆ ಅಂತ ಬರವಣಿಗೆಯಲ್ಲೇ ಒಪ್ಪಿಕೊಂಡರು! ಅಷ್ಟು ಸಲೀಸು. ಅದೇ ವೈಡನ್ ಸುಂಕ ತಪ್ಪಿಸುವವರನ್ನು ಹಿಡಿಯಲು ಮಸೂದೆ ತಂದರು. ಅದು ಕಾನೂನಾಗಿದ್ದು 2016ರ ಫೆಬ್ರುವರಿಯಲ್ಲಿ, ಒಬಾಮಾ ಸಹಿಯಿಂದ. ಎನ್‌ಫೋರ್ಸ್ ಅಂಡ್ ಪ್ರೊಟೆಕ್ಟ್ ಆ್ಯಕ್ಟ್ ಅಂತಾರೆ. ಅದಕ್ಕೂ ಮುಂಚೆ ಯಾರಾದರೂ ದೂರು ಕೊಟ್ಟರೆ ಕಸ್ಟಮ್ಸ್‌ನವರು ಕಡತ ಎತ್ತಿಟ್ಟುಕೊಂಡು ಸುಮ್ಮನಾದರೂ ಕೇಳುವವರಿರಲಿಲ್ಲ. ಈಗ ದೂರು ಸ್ವೀಕರಿಸಿದ ಮೇಲೆ 90 ದಿನದೊಳಗೆ ತಾತ್ಕಾಲಿಕ ಕ್ರಮದ ಬಗ್ಗೆ ಹೇಳಲೇಬೇಕು. ವರ್ಷದ ಆಸುಪಾಸಿನಲ್ಲಿ ತೀರ್ಮಾನ ಕೊಡಲೇಬೇಕು.

ನನ್ನನ್ನು ಕೇಳಿದರೆ ಇವೆಲ್ಲದರಲ್ಲಿ ಕೆಲಸಕ್ಕೆ ಬಂದ ಕಾನೂನು ಇದೇ. ಹೊಸ ಸುಂಕ ಒಂದೂ ಹಾಕಲಿಲ್ಲ. ಇರುವ ಸುಂಕ ಕಟ್ಟಿ ಅಂದಿತು, ಅಷ್ಟೇ.

ನಾನು ತೋರಣಗಲ್ಲಿನಲ್ಲಿ ಗುತ್ತಿಗೆ ಕೆಲಸದವನು. ಅಮೆರಿಕದ ಕೆಲಸ ಉಳಿದರೆ ನಮ್ಮದು ಹೋಗುತ್ತಾ? ನಾವೇನು ಚೀನಾದವರಾ? ಈ ಕಾನೂನು ಚೀನಾಕ್ಕೆ ತಾನೇ? (ತೋರಣಗಲ್ಲು, ಸಂಡೂರು ತಾಲ್ಲೂಕು)

ಚೀನಾದ ಹೆಸರು ಹೇಳಿ ಮಾಡುತ್ತಾರೆ, ಈ ಡಂಪಿಂಗ್, ಸಬ್ಸಿಡಿ ಕಾನೂನಿನಲ್ಲಿ ಚೀನಾಕ್ಕೆ ಮಾತ್ರ ಅಂತ ಇಲ್ಲ. ನೀವು ಕೇಳಿದ್ದು ಒಳ್ಳೆಯದಾಯಿತು. ನಿಮ್ಮ ತಾಲ್ಲೂಕಿನ ಮಣ್ಣೇ ಈ ಜಗಳದಲ್ಲಿ ಜಿನೀವಾದ ತನಕ ಹೋಗಿ ಬಂದಿದೆ.

2001ರ ಕೊನೆಗೆ ಅಮೆರಿಕ ನಮ್ಮ ಹಾಟ್ ರೋಲ್ಡ್ (ಕಾಯಿಸಿ ಹಾಳೆ ಮಾಡಿದ) ಉಕ್ಕಿನ ಮೇಲೆ ಡಂಪಿಂಗ್ ಸುಂಕ, ಸಬ್ಸಿಡಿ ಸುಂಕ ಎರಡನ್ನೂ ಹಾಕಿತು. ಅದಾದ ಮೇಲೆ ಅಲ್ಲಿನ ವಾಣಿಜ್ಯ ಇಲಾಖೆ ನಮ್ಮ ಕಂಪನಿಗಳ ಲೆಕ್ಕಪತ್ರವನ್ನು ಮತ್ತೆ ಮತ್ತೆ ತೆಗೆದು ನೋಡಿತು. ಅದರಲ್ಲಿ ನಿಮ್ಮೂರಿನ ಜಿಂದಾಲ್ ಕಾರ್ಖಾನೆಯದ್ದೂ ಇತ್ತು. ಎಷ್ಟು ಆಳಕ್ಕೆ ಇಳಿದರು ಅಂದರೆ, 1993ರಲ್ಲಿ ಕರ್ನಾಟಕ ಸರ್ಕಾರ ತಂದ ಕೈಗಾರಿಕಾ ನೀತಿಯ ರಿಯಾಯಿತಿಗಳನ್ನೂ ಸಬ್ಸಿಡಿಗಳ ಪಟ್ಟಿಯಲ್ಲಿ ಸೇರಿಸಿದರು. ವಿಧಾನಸೌಧದಲ್ಲಿ ‘ಹಿಂದುಳಿದ ತಾಲ್ಲೂಕಿಗೆ ಕಾರ್ಖಾನೆ ಬರಲಿ’ ಅಂತ ಕೊಟ್ಟ ರಿಯಾಯಿತಿ ವಾಷಿಂಗ್ಟನ್‌ನಲ್ಲಿ ಕೂತವರ ಕಣ್ಣಿಗೆ ಅನ್ಯಾಯದ ಸಹಾಯ.

ಇನ್ನೊಂದು ವಿಷಯ ಅದಿರು. ಎನ್‌ಎಂಡಿಸಿ ಕೇಂದ್ರ ಸರ್ಕಾರದ ಕಂಪನಿ, ನಿಮ್ಮ ದೋಣಿಮಲೈಯಲ್ಲಿ ಅದರ ಗಣಿ ಇದೆ. ಅದು ಉಕ್ಕಿನ ಕಾರ್ಖಾನೆಗಳಿಗೆ ಅಗ್ಗಕ್ಕೆ ಅದಿರು ಮಾರುವುದೇ ಸರ್ಕಾರದ ಸಬ್ಸಿಡಿ ಅಂತ ಅಮೆರಿಕ ಹೇಳಿತು. ಅಗ್ಗ ಅಂತ ಹೇಳೋಕೆ ಯಾವ ಬೆಲೆಗೆ ಹೋಲಿಸಿದರು? ಆಸ್ಟ್ರೇಲಿಯಾ, ಬ್ರೆಜಿಲ್ ಅದಿರಿನ ಬೆಲೆಗೆ, ಅದೂ ಅಲ್ಲಿಂದ ಇಲ್ಲಿಗೆ ತರುವ ಹಡಗಿನ ಬಾಡಿಗೆ ಸೇರಿಸಿ! ಕಾರ್ಖಾನೆಗೆ ಹತ್ತಿರದಲ್ಲೇ ಗಣಿ ಇರೋದೇ ಲಾಭ ಅಂತ ಯಾರಿಗಾದರೂ ಗೊತ್ತಾಗುತ್ತದೆ, ಆ ಲಾಭವೂ ಅವರ ಲೆಕ್ಕದಲ್ಲಿ ಸರ್ಕಾರ ಕೊಟ್ಟ ಉಡುಗೊರೆ ಆಯಿತು.

ಭಾರತ 2012ರಲ್ಲಿ ಜಿನೀವಾದಲ್ಲಿರುವ ವಿಶ್ವ ವ್ಯಾಪಾರ ಸಂಘಟನೆಗೆ ದೂರು ಕೊಟ್ಟಿತು. 2014ರ ಡಿಸೆಂಬರ್‌ನಲ್ಲಿ ಅಲ್ಲಿನ ಮೇಲ್ಮನವಿ ಪೀಠದ ತೀರ್ಪು ಬಂತು. ಎನ್‌ಎಂಡಿಸಿಯಲ್ಲಿ ಸರ್ಕಾರದ ಷೇರು ಇದೆ ಅಂದ ಮಾತ್ರಕ್ಕೆ ಅದು ಸರ್ಕಾರವೇ ಅಂತ ಅಮೆರಿಕ ತೀರ್ಮಾನಿಸಿದ್ದು ಸರಿಯಲ್ಲ ಅಂತ ಪೀಠ ಹೇಳಿತು. ಬೇರೆ ಕೆಲವು ಅಂಶಗಳಲ್ಲಿ ನಮಗೆ ಗೆಲುವು ಸಿಗಲಿಲ್ಲ, ಅದನ್ನೂ ಹೇಳಬೇಕು. ಅಮೆರಿಕ ತೀರ್ಪು ಪಾಲಿಸಿದೆಯಾ ಅಂತ ಇನ್ನೊಂದು ಸುತ್ತು ನಡೆಯಿತು, 2019ರಲ್ಲಿ ಅದರ ವರದಿ ಬಂತು. ಅಮೆರಿಕ ಮತ್ತೆ ಮೇಲ್ಮನವಿ ಹಾಕಿತು. ಯಾವ ಪೀಠಕ್ಕೆ? ಸದಸ್ಯರ ನೇಮಕಕ್ಕೆ ಅಮೆರಿಕವೇ ಅಡ್ಡಗಾಲು ಹಾಕಿ ಅದೇ ತಿಂಗಳು ಬಾಗಿಲು ಮುಚ್ಚಿಸಿದ್ದ ಪೀಠಕ್ಕೆ! ಕೊನೆಗೆ 2023ರ ಜೂನ್‌ನಲ್ಲಿ ಪ್ರಧಾನಿ ಮೋದಿ ಅಮೆರಿಕಕ್ಕೆ ಹೋದಾಗ ಎರಡೂ ಕಡೆಯವರು ಆರು ಹಳೇ ಜಗಳ ಮುಗಿಸಿಕೊಂಡರಲ್ಲ, ಅದರಲ್ಲಿ ಇದೂ ಒಂದು.

ನಿಮ್ಮ ಕೆಲಸ ಹೋಗುತ್ತಾ ಅಂದಿರಿ. ನಮ್ಮ ಉಕ್ಕು ಜಾಸ್ತಿ ಖರ್ಚಾಗೋದು ನಮ್ಮ ದೇಶದಲ್ಲೇ, ಅಮೆರಿಕಕ್ಕೆ ಹೋಗೋದು ಸ್ವಲ್ಪ. ಹಾಗಾಗಿ ಬರೀ ಈ ಸುಂಕದಿಂದ ನಿಮ್ಮ ಗೇಟ್ ಮುಚ್ಚಲ್ಲ. ಗುತ್ತಿಗೆ ಕೆಲಸ ಅಂದಿರಲ್ಲ, ಭಯ ಇದ್ದರೆ ಅದಕ್ಕೆ ಕಾರಣ ವಾಷಿಂಗ್ಟನ್‌ಗಿಂತ ಹತ್ತಿರದಲ್ಲೇ ಇದೆ.

ಈ ಸುಂಕದ ದುಡ್ಡು ಯಾರಿಗೆ ಹೋಗುತ್ತೆ? ದೂರು ಕೊಟ್ಟ ಕಂಪನಿಗಾ, ಸರ್ಕಾರಕ್ಕಾ? ಪರೀಕ್ಷೆಗೆ ಓದುತ್ತಿದ್ದೇನೆ, ಸ್ವಲ್ಪ ಚಿಕ್ಕದಾಗಿ ಹೇಳಿ. (ಧಾರವಾಡ)

ಈಗ ಸರ್ಕಾರದ ಖಜಾನೆಗೆ. ಆದರೆ ನಡುವೆ ಕೆಲವು ವರ್ಷ ದೂರು ಕೊಟ್ಟವರ ಜೇಬಿಗೇ ಹೋಗುತ್ತಿತ್ತು. 2000ದಲ್ಲಿ ಸೆನೆಟರ್ ರಾಬರ್ಟ್ ಬರ್ಡ್ ಒಂದು ತಿದ್ದುಪಡಿ ಸೇರಿಸಿದರು. ಬೇರಿಂಗ್ ಕಂಪನಿ, ಮೇಣದಬತ್ತಿ ಕಂಪನಿ ಎಲ್ಲ ಚೆಕ್ ತಗೊಂಡವು. ದೂರು ಕೊಡು, ಎದುರಾಳಿ ಕಟ್ಟಿದ ಸುಂಕ ನೀನೇ ತಗೋ! ಜಪಾನ್, ಯುರೋಪ್, ಭಾರತ ಎಲ್ಲ ಸೇರಿ ವಿಶ್ವ ವ್ಯಾಪಾರ ಸಂಘಟನೆಯಲ್ಲಿ ಕೇಸು ಹಾಕಿ 2003ರಲ್ಲಿ ಗೆದ್ದವು. ಅಮೆರಿಕ 2006ರಲ್ಲಿ ಅದನ್ನು ರದ್ದು ಮಾಡಿತು. ಪರೀಕ್ಷೆಗೆ ಇಷ್ಟು ಸಾಕು. ಸುಂಕ ಕಟ್ಟೋದು ಹೊರದೇಶದ ಕಂಪನಿ ಅಂತ ಬರೆದು ಅಂಕ ಕಳೆದುಕೊಳ್ಳಬೇಡಿ. ಬಂದರಿನಲ್ಲಿ ದುಡ್ಡು ಕಟ್ಟುವವನು ಅಮೆರಿಕದ ಆಮದುದಾರ.

ನಮ್ಮ ಕಾಳುಮೆಣಸಿಗೆ ಯಾರಪ್ಪ ಇಂಥ ಕಾನೂನು ಮಾಡುತ್ತಾರೆ? ಅಮೆರಿಕದ ಕಥೆ ಸಾಕು. ವಿಯೆಟ್ನಾಂ ಮೆಣಸು ಶ್ರೀಲಂಕಾ ಹೆಸರಿನಲ್ಲಿ ಬರುವಾಗ ನೀವು ಬರೆಯುವವರೆಲ್ಲ ಎಲ್ಲಿದ್ದಿರಿ? (ಮಡಿಕೇರಿ)

ಬೈಗುಳ ಹಾಗೇ ಇಟ್ಟಿದ್ದೇವೆ, ನೋಡಿಕೊಳ್ಳಿ.

ನೀವು ಹೇಳುತ್ತಿರೋದು ಮೇಲಿನ ಜೇನಿನ ಕಥೆಯೇ. ಶ್ರೀಲಂಕಾ ಜೊತೆ ನಮಗೆ ಮುಕ್ತ ವ್ಯಾಪಾರ ಒಪ್ಪಂದ ಇದೆ, ಅಲ್ಲಿಂದ ವರ್ಷಕ್ಕೆ 2,500 ಟನ್ ಮೆಣಸು ಸುಂಕ ಇಲ್ಲದೆ ಬರಬಹುದು. ವಿಯೆಟ್ನಾಂ ಮೆಣಸು ಆ ದಾರಿ ಹಿಡಿಯುತ್ತದೆ ಅನ್ನೋದು ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಬೆಳೆಗಾರರ ಬಹಳ ವರ್ಷದ ದೂರು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಗೊತ್ತು ಮಾಡಿತು, ಅದಕ್ಕಿಂತ ಕಡಿಮೆ ಬೆಲೆಯದ್ದು ತರುವಂತಿಲ್ಲ ಅಂತ. ಅದಾದ ಮೇಲೆ ಬಿಲ್‌ನಲ್ಲಿ ಮಾತ್ರ 500 ತೋರಿಸಿ ತರುತ್ತಾರೆ ಅಂತ ಹೊಸ ದೂರು ಶುರುವಾಯಿತು. ಅಡಿಕೆಗೂ ಇದೇ ಪಾಡು. 251 ರೂಪಾಯಿ ಇದ್ದ ಕನಿಷ್ಠ ಬೆಲೆಯನ್ನು 2023ರ ಫೆಬ್ರುವರಿಯಲ್ಲಿ 351ಕ್ಕೆ ಏರಿಸಿದರು. ಕಳ್ಳಮಾಲಿಗೆ ಕನಿಷ್ಠ ಬೆಲೆ ಏನು ಮಾಡುತ್ತೆ ಹೇಳಿ, ಅದು ಕಸ್ಟಮ್ಸ್ ಕಡೆ ತಲೆಯೇ ಹಾಕಲ್ಲ.

ಕಾನೂನು ಇಲ್ಲ ಅಂತಲ್ಲ. 1975ರ ಕಸ್ಟಮ್ಸ್ ಟ್ಯಾರಿಫ್ ಆ್ಯಕ್ಟ್‌ನಲ್ಲೇ ಡಂಪಿಂಗ್ ಸುಂಕ ಇದೆ. ದೆಹಲಿಯಲ್ಲಿ ಇಂಥ ದೂರು ವಿಚಾರಿಸುವ ಡಿಜಿಟಿಆರ್ ಅಂತ ಸರ್ಕಾರಿ ಕಚೇರಿ ಇದೆ. ಜಗತ್ತಿನಲ್ಲಿ ಅತಿ ಹೆಚ್ಚು ಡಂಪಿಂಗ್ ವಿಚಾರಣೆ ಶುರು ಮಾಡುವ ದೇಶಗಳಲ್ಲಿ ನಾವೂ ಮುಂದಿದ್ದೇವೆ. ಆದರೆ ಆ ಕಡತಗಳನ್ನು ತೆರೆದರೆ ಕಾಣೋದು ರಾಸಾಯನಿಕ, ಪ್ಲಾಸ್ಟಿಕ್, ಉಕ್ಕು. ದೂರು ಕೊಡೋಕೆ ಲೆಕ್ಕಪತ್ರ ಬೇಕು, ವಕೀಲರು ಬೇಕು, ದೇಶದ ಉತ್ಪಾದನೆಯಲ್ಲಿ ಕಾಲು ಭಾಗವಾದರೂ ಮಾಡುವವರ ಬೆಂಬಲ ಬೇಕು. ನಾಲ್ಕು ದೊಡ್ಡ ಕಂಪನಿಗಳು ಒಂದು ಟೇಬಲ್‌ಗೆ ಬಂದು ಸಹಿ ಹಾಕಬಹುದು, ಸಾವಿರಾರು ಮೆಣಸು ಬೆಳೆಗಾರರು ಎಲ್ಲಿ ಸೇರಬೇಕು?

ರೇಷ್ಮೆಗೆ ಒಮ್ಮೆ ಸಿಕ್ಕಿತ್ತು. ಚೀನಾದ ಕಚ್ಚಾ ರೇಷ್ಮೆ ಮೇಲೆ 2003ರಲ್ಲಿ ಡಂಪಿಂಗ್ ಸುಂಕ ಬಿತ್ತು. ಆದರೆ 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಮಾಮೂಲಿ ಆಮದು ಸುಂಕವನ್ನೇ 30 ಪರ್ಸೆಂಟ್‌ನಿಂದ 5ಕ್ಕೆ ಇಳಿಸಿದರು. ನೇಕಾರರಿಗೆ ನೂಲು ಅಗ್ಗಕ್ಕೆ ಸಿಗಲಿ ಅಂತ. ರಾಮನಗರದ ಗೂಡು ಮಾರುಕಟ್ಟೆಯಲ್ಲಿ ಬೆಲೆ ಬಿದ್ದಿತು, ರೈತರು ರಸ್ತೆಗಿಳಿದರು. 2013ರಲ್ಲಿ ಅದನ್ನು 15ಕ್ಕೆ ಏರಿಸಬೇಕಾಯಿತು. ಗೂಡಿನಿಂದ ನೂಲು ತೆಗೆಯುವ ರೀಲರು, ನೇಕಾರ, ಬೆಳೆಗಾರ ಮೂವರೂ ಕನ್ನಡಿಗರೇ. ಒಬ್ಬನಿಗೆ ಕೊಟ್ಟರೆ ಇನ್ನೊಬ್ಬನಿಂದ ಕಿತ್ತುಕೊಂಡ ಹಾಗೆ.

ನಿಮ್ಮ ಮೆಣಸಿಗೆ ಬೇಕಾಗಿರೋದು ಹೊಸ ಕಾನೂನಲ್ಲ, ಇರುವುದನ್ನು ನಡೆಸುವುದು ಅಂತ ನನ್ನ ಅಭಿಪ್ರಾಯ. 2020ರ ಸೆಪ್ಟೆಂಬರ್‌ನಿಂದ ಒಂದು ನಿಯಮ ಇದೆ. ಮುಕ್ತ ಒಪ್ಪಂದದಲ್ಲಿ ಮಾಲು ತರುವವನು ಬರೀ ಮೂಲ ಪ್ರಮಾಣಪತ್ರ ತೋರಿಸಿದರೆ ಸಾಲದು, ಅದು ನಿಜಕ್ಕೂ ಅಲ್ಲೇ ಬೆಳೆದದ್ದು ಅನ್ನೋ ವಿವರವನ್ನೂ ಇಟ್ಟುಕೊಂಡಿರಬೇಕು, ಕೇಳಿದರೆ ಕೊಡಬೇಕು. ಬೆಳೆಗಾರರ ಸಂಘದವರು ಮಂತ್ರಿಗಳಿಗೆ ಮನವಿ ಕೊಟ್ಟು ಫೋಟೋ ತೆಗೆಸಿಕೊಳ್ಳೋದು ಸಾಕು. ಯಾವ ಬಂದರಿಗೆ, ಯಾವ ತಿಂಗಳು, ಎಷ್ಟು ಟನ್, ಯಾವ ಬೆಲೆಗೆ ಬಂತು ಅಂತ ಅಂಕಿ ಹಿಡಿದುಕೊಂಡು ಈ ನಿಯಮದಡಿ ತಪಾಸಣೆ ಮಾಡಿ ಅಂತ ಕಸ್ಟಮ್ಸ್ ಬೆನ್ನು ಬೀಳಲಿ.

ಒಂದೇ ಮಾತಲ್ಲಿ ಹೇಳ್ರೀ, ಸುಂಕ ಹಾಕಿದರ ಕೆಲಸ ಉಳೀತಾವೋ ಇಲ್ಲೋ? (ಹುಬ್ಬಳ್ಳಿ)

ಒಂದೇ ಮಾತಲ್ಲಿ ಆಗಲ್ರೀ. ಕೆಲವು ಉಳೀತಾವು, ಕೆಲವು ಹೋಗ್ತಾವು. ಉಳಿದದ್ದು ಎಣಿಸೋಕೆ ಸಿಗುತ್ತದೆ, ಹೋದದ್ದು ಬೇರೆ ಬೇರೆ ಊರಲ್ಲಿ ಚೆಲ್ಲಾಪಿಲ್ಲಿಯಾಗಿ ಹೋಗಿರುತ್ತದೆ.

2009ರ ಟೈರ್ ಕೇಸು ನೋಡಿ. ಚೀನಾದ ಕಾರ್ ಟೈರ್ ಮೇಲೆ ಒಬಾಮಾ ಮೂರು ವರ್ಷಕ್ಕೆ 35, 30, 25 ಪರ್ಸೆಂಟ್ ಅಂತ ಹಾಕಿದರು. ದೂರು ಕೊಟ್ಟದ್ದು ಯುನೈಟೆಡ್ ಸ್ಟೀಲ್‌ವರ್ಕರ್ಸ್ ಎಂಬ ಕಾರ್ಮಿಕ ಸಂಘ, ಟೈರ್ ಕಂಪನಿಗಳು ಅದರ ಜೊತೆ ಬರಲಿಲ್ಲ. ಏಕೆ ಬರುತ್ತಾರೆ, ಅವರಲ್ಲೇ ಕೆಲವರು ಚೀನಾದಲ್ಲಿ ಮಾಡಿಸಿ ತರುತ್ತಿದ್ದರಲ್ಲ. ವಾಷಿಂಗ್ಟನ್‌ನ ಅರ್ಥಶಾಸ್ತ್ರ ಸಂಶೋಧನಾ ಸಂಸ್ಥೆ ಪೀಟರ್ಸನ್ ಇನ್‌ಸ್ಟಿಟ್ಯೂಟ್‌ನವರ ಲೆಕ್ಕದಲ್ಲಿ ಉಳಿದದ್ದು ಹೆಚ್ಚೆಂದರೆ 1,200 ಕೆಲಸ. ಜನ ಟೈರ್‌ಗೆ ಹೆಚ್ಚಿಗೆ ಕೊಟ್ಟದ್ದು 110 ಕೋಟಿ ಡಾಲರ್, ಅಂದರೆ ಒಂದು ಕೆಲಸಕ್ಕೆ 9 ಲಕ್ಷ. ಚೀನಾದ ಟೈರ್ ಕಡಿಮೆಯಾಗಿ ಕೊರಿಯಾ, ಥಾಯ್ಲೆಂಡ್, ಇಂಡೋನೇಷ್ಯಾ ಟೈರ್ ಬಂತು. ಸಿಟ್ಟಿಗೆ ಚೀನಾ ಅಮೆರಿಕದ ಕೋಳಿಮಾಂಸದ ಮೇಲೆ ಸುಂಕ ಹಾಕಿತು. ಟೈರ್‌ಗೂ ಕೋಳಿಗೂ ಏನು ಸಂಬಂಧ ಅಂತ ಕೋಳಿ ಸಾಕುವವನು ಯಾರನ್ನು ಕೇಳಬೇಕು?

ಇದರ ಜೊತೆ ಇನ್ನೊಂದು ವಿಷಯ ನನಗೆ ಬೇಸರ ತರಿಸುತ್ತದೆ. ಆಮದಿನಿಂದ ಕೆಲಸ ಕಳೆದುಕೊಂಡವರಿಗೆ ತರಬೇತಿ, ಭತ್ಯೆ ಕೊಡುವ ಒಂದು ಯೋಜನೆ ಅಮೆರಿಕದಲ್ಲಿ 1962ರಿಂದ ಇತ್ತು. ಅದರ ಅವಧಿ 2022ರ ಜುಲೈಗೆ ಮುಗಿಯಿತು, ಸಂಸತ್ತು ಮುಂದುವರಿಸಲಿಲ್ಲ, ಆಮೇಲೆ ಹೊಸದಾಗಿ ಕೆಲಸ ಹೋದವರಿಗೆ ಆ ಬಾಗಿಲು ಮುಚ್ಚಿತು. ಅದೇ ಸಂಸತ್ತಿನಲ್ಲೇ ‘ಕೆಲಸ ಉಳಿಸುವ’ ಭಾಷಣಗಳು ನಡೆಯುತ್ತಲೇ ಇದ್ದವು. ಕಾರ್ಖಾನೆಗೆ ರಕ್ಷಣೆ ಕೇಳೋಕೆ ವಕೀಲರಿದ್ದಾರೆ, ಕೆಲಸ ಹೋದವನಿಗೆ ಯಾರಿದ್ದಾರೆ?

ನಮ್ಮದು ಸಣ್ಣ ಫೌಂಡ್ರಿ. ಅಮೆರಿಕದ ಒಬ್ಬ ಗಿರಾಕಿಗೆ ಎರಕದ ಬಿಡಿಭಾಗ ಕಳಿಸುತ್ತೇವೆ. ನಾವು ಮಾಡುವ ಮಾಲಿನ ಮೇಲೆ ದೂರು ದಾಖಲಾಗಿದೆ, ಅಲ್ಲಿನ ವಾಣಿಜ್ಯ ಇಲಾಖೆಯಿಂದ ಪ್ರಶ್ನಾವಳಿ ಬಂದಿದೆ. ‘ನಾವು ಚಿಕ್ಕವರು, ಉತ್ತರ ಕೊಡದಿದ್ದರೆ ಬಿಟ್ಟುಬಿಡುತ್ತಾರೆ’ ಅಂತ ಪಕ್ಕದ ಶೆಡ್‌ನವರು ಹೇಳುತ್ತಾರೆ. ಸರಿಯಾ? (ಬೆಳಗಾವಿ)

ದಯವಿಟ್ಟು ಅವರ ಮಾತು ಕೇಳಬೇಡಿ. ಬಿಟ್ಟುಬಿಡಲ್ಲ. ನೀವು ಸಹಕರಿಸಲಿಲ್ಲ ಅಂತ ಬರೆದುಕೊಂಡು, ಸಿಕ್ಕಿದ ಅಂಕಿಗಳಲ್ಲಿ ನಿಮಗೆ ಹೆಚ್ಚು ನಷ್ಟ ಆಗುವಂಥದ್ದನ್ನೇ ಆರಿಸಿ ಸುಂಕ ಹಾಕುವ ಅಧಿಕಾರ ಅವರಿಗಿದೆ. 2015ರ ಮೊದಲ ಲೆವೆಲಿಂಗ್ ದಿ ಪ್ಲೇಯಿಂಗ್ ಫೀಲ್ಡ್ ಆ್ಯಕ್ಟ್ ಈ ಅಧಿಕಾರವನ್ನು ಇನ್ನೂ ಬಿಗಿ ಮಾಡಿತು. ಆ ದರ ನಿಮ್ಮ ನಿಜವಾದ ವ್ಯಾಪಾರಕ್ಕೆ ಹೊಂದುತ್ತದೆ ಅಂತ ಅವರು ತೋರಿಸಬೇಕಾಗಿಯೂ ಇಲ್ಲ. ಉತ್ತರ ಕೊಟ್ಟ ದೊಡ್ಡ ಕಂಪನಿಗೆ 5 ಪರ್ಸೆಂಟ್, ಸುಮ್ಮನೆ ಕೂತ ಸಣ್ಣವನಿಗೆ ಅದರ ಎಷ್ಟೋ ಪಟ್ಟು, ಹೀಗೆ ಆಗಬಹುದು.

ಮೊದಲು ನಿಮಗೆ ಬಂದಿರೋದು ಯಾವ ಪ್ರಶ್ನಾವಳಿ ನೋಡಿ. ಎಷ್ಟು ಟನ್ ಕಳಿಸಿದಿರಿ, ಎಷ್ಟು ಬೆಲೆಗೆ ಅಂತ ಮಾತ್ರ ಕೇಳಿದ್ದರೆ ಅದು ಸಣ್ಣದು, ನಿಮ್ಮ ಅಕೌಂಟೆಂಟ್ ಒಂದು ದಿನ ಕೂತರೆ ಮುಗಿಯುತ್ತದೆ. ಸಾಮಾನ್ಯವಾಗಿ ದೊಡ್ಡ ಎರಡು ಮೂರು ರಫ್ತುದಾರರನ್ನೇ ಆರಿಸಿ ಪೂರ್ತಿ ವಿಚಾರಣೆ ಮಾಡುತ್ತಾರೆ, ಉಳಿದವರಿಗೆ ಅವರ ಸರಾಸರಿ ದರ ಸಿಗುತ್ತದೆ. ಪೂರ್ತಿ ಪ್ರಶ್ನಾವಳಿಯೇ ಬಂದಿದ್ದರೆ ಅದಕ್ಕೆ ಇರೋದು ಒಂದು ತಿಂಗಳ ಆಸುಪಾಸು. ಕಾಲಾವಕಾಶ ಕೇಳಬಹುದು, ಆದರೆ ಗಡುವು ಮುಗಿಯುವ ಮುಂಚೆಯೇ ಬರೆದು ಕೇಳಬೇಕು. ಸಬ್ಸಿಡಿಯ ಕೇಸಾದರೆ ಕೇಂದ್ರ, ರಾಜ್ಯ ಎರಡರಿಂದಲೂ ಪಡೆದ ರಿಯಾಯಿತಿಗಳ ಕಾಗದ ಹುಡುಕಿ ಇಟ್ಟುಕೊಳ್ಳಿ. ಡ್ರಾಬ್ಯಾಕ್ (ರಫ್ತು ಮಾಡಿದರೆ ವಾಪಸ್ ಸಿಗುವ ಸುಂಕ), ವಿದ್ಯುತ್ ರಿಯಾಯಿತಿ, ಬಡ್ಡಿ ಸಹಾಯ, ಜಮೀನು ಅಗ್ಗಕ್ಕೆ ಸಿಕ್ಕಿದ್ದರೆ ಅದೂ. ಮುಚ್ಚಿಡಬೇಡಿ, ತೋರಣಗಲ್ಲಿನ ಉತ್ತರದಲ್ಲಿ ಓದಿದಿರಲ್ಲ, ಅವರು ಹುಡುಕುತ್ತಾರೆ.

ನಿಮ್ಮ ಗಿರಾಕಿಗೂ ಇವತ್ತೇ ತಿಳಿಸಿ. ಅಲ್ಲಿ ಬಂದರಿನಲ್ಲಿ ಕಟ್ಟೋದು ಬರೀ ಮುಂಗಡ ಠೇವಣಿ. ಆಮೇಲೆ ವರ್ಷದ ಪರಿಶೀಲನೆ ನಡೆದು ನಿಜವಾದ ದರ ಜಾಸ್ತಿ ಅಂತ ಆದರೆ ವ್ಯತ್ಯಾಸವನ್ನು ಬಡ್ಡಿ ಸಮೇತ ಅವನೇ ತುಂಬಬೇಕು. ಇದಕ್ಕೆ ಹೆದರಿ ಆಮದುದಾರರು ವಿಚಾರಣೆ ಶುರುವಾದ ಕೂಡಲೇ ಆರ್ಡರ್ ನಿಲ್ಲಿಸುತ್ತಾರೆ. ನೀವು ಉತ್ತರ ಕೊಡುತ್ತಿದ್ದೀರಿ ಅಂತ ಗೊತ್ತಾದರೆ ಸ್ವಲ್ಪ ಧೈರ್ಯ ಇರುತ್ತದೆ. ದೆಹಲಿಯ ಡಿಜಿಟಿಆರ್‌ನಲ್ಲಿ ಹೊರದೇಶದ ಇಂಥ ಕೇಸುಗಳಲ್ಲಿ ನಮ್ಮ ರಫ್ತುದಾರರಿಗೆ ನೆರವಾಗುವ ವಿಭಾಗ ಇದೆ, ಅಲ್ಲಿಗೂ ಪ್ರಶ್ನಾವಳಿಯ ಪ್ರತಿ ಕಳಿಸಿ. ವಕೀಲರ ಖರ್ಚು ಒಬ್ಬರಿಗೆ ಜಾಸ್ತಿ ಅನ್ನಿಸಿದರೆ ಅದೇ ಮಾಲು ಮಾಡುವ ಬೇರೆ ಫೌಂಡ್ರಿಗಳ ಜೊತೆ ಸೇರಿ ಒಬ್ಬ ವಕೀಲರನ್ನೇ ಹಿಡಿಯಿರಿ. ಪಕ್ಕದ ಶೆಡ್‌ನವರಿಗೂ ಪ್ರಶ್ನಾವಳಿ ಬಂದಿರಬಹುದು, ಒಂದು ಸಲ ಅವರ ಇಮೇಲ್ ನೋಡಿಸಿ.